ಕೋಳಿಗೂ ಒಂದು ಜಾತಕ ಬರಲಿ

ಮಾನ್ಯರೇ,

ಯಲಹಂಕದ ಹತ್ತಿರ ಹದಿನಾರು ವರ್ಷದಿಂದ ಕೋಳಿ ಅಂಗಡಿ ಇಟ್ಟಿದ್ದೇನೆ. ಈಚೆಗೆ ಗಿರಾಕಿಗಳು ವಿತ್ ಸ್ಕಿನ್ನೋ ವಿತೌಟ್ ಸ್ಕಿನ್ನೋ ಹೇಳುವ ಮೊದಲೇ ‘ಆಂಟಿಬಯೋಟಿಕ್ ಹಾಕಿಲ್ಲ ಅಲ್ವಾ?’ ಎನ್ನುತ್ತಾರೆ. ‘ಇಲ್ಲ’ ಎಂದುಬಿಡುತ್ತೇನೆ. ಹಾಗೆನ್ನಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ ಎಂದು ಒಪ್ಪಿಕೊಳ್ಳಲೇ ಈ ಪತ್ರ.

ಕಳೆದ ವರ್ಷ ನನ್ನ ಹೆಂಡತಿಗೆ ಉರಿಮೂತ್ರ ಬಂತು. ಎರಡು ಬಗೆಯ ಮಾತ್ರೆ ನುಂಗಿದರೂ ಇಳಿಯಲಿಲ್ಲ. ಮೂತ್ರದಲ್ಲಿ ಯಾವ ರೋಗಾಣು ಇದೆ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದಾಗ ಇ. ಕೋಲಿ ಬ್ಯಾಕ್ಟೀರಿಯಾ. ರಿಪೋರ್ಟಿನ ಔಷಧಿ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹೆಸರಿನ ಮುಂದೆ ‘ಆರ್’ ಅಕ್ಷರ. ಅಂದರೆ ಆ ಔಷಧಿಗೆ ಅದು ಬಗ್ಗುವುದಿಲ್ಲ. ಕೊನೆಗೆ ಐದು ದಿನ ಇಂಜೆಕ್ಷನ್ನೇ ಆಯಿತು. ಎಲ್ಲಿಂದ ಬಂತೆಂದು ಡಾಕ್ಟರು ಹೇಳಲಾರರು. ಕೋಳಿಯಿಂದಲೇ ಎಂದು ನಾನೂ ಹೇಳುವುದಿಲ್ಲ. ಆದರೆ ಕೋಳಿಯ ಕರುಳಲ್ಲೂ ಇ. ಕೋಲಿ ಇರುತ್ತದೆ ಎಂದು ಅವರು ಹೇಳಿದ್ದೇ ತಡ, ನನ್ನ ಮಣೆ ನೋಡಿದರೇ ಕಸಿವಿಸಿ.

ಫಾರಂಗೆ ಬಂದ ಮರಿ ಆರು ವಾರಕ್ಕೆ ಎರಡು ಕೆಜಿ ತೂಗಿ ಲಾರಿ ಹತ್ತಬೇಕು. ಒಂದೇ ಶೆಡ್ಡಿನಲ್ಲಿ ಸಾವಿರಾರು ಕೋಳಿ. ನಾಲ್ಕು ತೂಕಡಿಸಿದರೆ ಎಲ್ಲವೂ ಕುಡಿಯುವ ನೀರಿಗೆ ಔಷಧಿ ಬೀಳುತ್ತದೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಗೊಬ್ಬರದ ಜೊತೆ ತೋಟಕ್ಕೂ ಹೋಗುತ್ತದೆ. ಸಾಕುವ ರೈತನನ್ನು ಸುಮ್ನೆ ಬೈಯಬೇಡಿ. ಮರಿ, ಫೀಡು, ಔಷಧಿ ಎಲ್ಲ ಹೆಚ್ಚಾಗಿ ಕಂಪನಿಯದೇ. ಅವನಿಗೆ ಸಿಗುವುದು ಕೆಜಿ ಲೆಕ್ಕದ ಸಾಕಣೆ ಕೂಲಿ.

ಕೊಲಿಸ್ಟಿನ್ ಅಂತ ಒಂದು ಔಷಧಿ. ಐಸಿಯುನಲ್ಲಿ ಬೇರೇನೂ ಕೆಲಸ ಮಾಡದಾಗ ಕೊಡುವಂಥದ್ದು. ಅದನ್ನು ಕೋಳಿ ಬೇಗ ಬೆಳೆಯಲಿ ಎಂದು ಫೀಡಿಗೆ ಬೆರೆಸುತ್ತಿದ್ದರು! 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಳಿ ಸಾಕಣೆಯಲ್ಲಿ ಅದನ್ನು ನಿಷೇಧಿಸಿತು. ಉಳಿದ ಔಷಧಿಗಳ ಲೆಕ್ಕ ಮಾತ್ರ ನಮ್ಮ ಅಂಗಡಿವರೆಗೆ ಬರುವುದೇ ಇಲ್ಲ.

ಔಷಧಿ ನಿಲ್ಲಿಸಿ ಕೆಲವು ದಿನ ಕಾದರೆ ಮಾಂಸದಲ್ಲಿ ಅದರ ಅಂಶ ಇಳಿಯುತ್ತದೆ ನಿಜ. ಬಗ್ಗದ ಬ್ಯಾಕ್ಟೀರಿಯಾ ಹಾಗೆ ದಿನ ಎಣಿಸಿ ಹೊರಡುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಅಷ್ಟರೊಳಗೆ ನನ್ನ ಕೈ, ಕತ್ತಿ, ನಿಮ್ಮ ಸಿಂಕು, ಪಕ್ಕದಲ್ಲಿಟ್ಟ ಸೌತೆಕಾಯಿ ಎಲ್ಲ ಮುಟ್ಟಿರುತ್ತದೆ. (ನಲ್ಲಿ ಕೆಳಗೆ ತೊಳೆಯಬೇಡಿ, ಹನಿ ಹಾರುತ್ತದೆ ಎಂದರೆ ಗಿರಾಕಿಗಳು ನನ್ನನ್ನೇ ಗಲೀಜು ಮನುಷ್ಯನ ಹಾಗೆ ನೋಡುತ್ತಾರೆ.)

ಕೋಳಿ ಇಳಿಸಿದಾಗ ಲಾರಿಯವರು ಚೀಟಿ ಕೊಡುತ್ತಾರೆ: ಎಷ್ಟು ಕೋಳಿ, ಎಷ್ಟು ಕೆಜಿ, ಏನು ರೇಟು. ಅದರಲ್ಲೇ ಇನ್ನೊಂದು ಸಾಲು ಬೇಕು. ಈ ಬ್ಯಾಚಿಗೆ ಯಾವ ಔಷಧಿ, ಯಾವ ಕಾಯಿಲೆಗೆ, ಕೊನೆಯ ಸಲ ಯಾವತ್ತು. ಸರ್ಕಾರ ಇದನ್ನು ಕಡ್ಡಾಯ ಮಾಡಲಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿಯವರು ಆಗಾಗ ನನ್ನಂಥವರ ಅಂಗಡಿಯಿಂದ ಒಂದು ಕೋಳಿ ಒಯ್ದು ಪರೀಕ್ಷೆ ಮಾಡಲಿ. ದುಡ್ಡು ಕೇಳಲ್ಲ.

ಮೊನ್ನೆ ಲಾರಿಯವನ ಹತ್ತಿರ ಇದನ್ನೇ ಹೇಳಿದೆ. ‘ಕೋಳಿಗೂ ಜಾತಕ ಬೇಕಾ ಯಜಮಾನ್ರೇ?’ ಎಂದು ನಕ್ಕು ಗಾಡಿ ಬಿಟ್ಟ.

ಬೇಕು.

– ಕೋಳಿ ಅಂಗಡಿಯವ, ಯಲಹಂಕ, ಬೆಂಗಳೂರು