ಮಘೆ ಮಳೆಗೆ ಅಂಕವಿಲ್ಲ

ಮಾನ್ಯರೇ,

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ 81 ವರ್ಷದ ನಮ್ಮವ್ವನನ್ನು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಕರೆದೊಯ್ದಿದ್ದೆ. ಒಲೆ ಹಚ್ಚಿಟ್ಟು ಹಿತ್ತಲಿಗೆ ಹೋಗಿಬಿಡುವುದು, ತೀರಿಹೋದ ಅಪ್ಪನಿಗೆ ರೊಟ್ಟಿ ಎತ್ತಿಡುವುದು ಶುರುವಾಗಿ ಎರಡು ವರ್ಷವಾಗಿತ್ತು. ಆಸ್ಪತ್ರೆಯೊಂದರಲ್ಲಿ ನೆನಪಿನ ಪರೀಕ್ಷೆಗೆ ಕೂರಿಸಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಒಂದು ವಾಕ್ಯ ಬರೆಯಿರಿ ಎಂದರು. ಒಂದರೊಳಗೊಂದು ಸೇರಿದ ಎರಡು ಪಂಚಕೋನ ತೋರಿಸಿ, ಹಾಗೇ ಬಿಡಿಸಿ ಎಂದರು. ಅವ್ವ ಪೆನ್ನು ಹಿಡಿದವಳೇ ಅಲ್ಲ, ಬ್ಯಾಂಕಿನಲ್ಲಿ ಇವತ್ತಿಗೂ ಹೆಬ್ಬೆಟ್ಟು. ‘ಈಗ ಯಾವ ಕಾಲ?’ ಎಂದಾಗ ಮಾತ್ರ, ‘ಮಘಿ ಮಳಿ ನಡದೈತಿ, ಅಷ್ಟೂ ಗೊತ್ತಿಲ್ಲೇನಪಾ?’ ಎಂದು ತಿರುಗಿ ಕೇಳಿದಳು. ಪಂಚಾಂಗ ನೋಡಿದರೂ ಅದು ಸರಿಯುತ್ತರವೇ. ಹಾಳೆಯ ಮೇಲೆ ಸೊನ್ನೆ ಬಿತ್ತು.

ಒಟ್ಟು 30ಕ್ಕೆ 9. ಮೂವತ್ತೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು ನಾನು. ಕಳೆದುಹೋದ 21 ಅಂಕದಲ್ಲಿ ಕಾಯಿಲೆ ತಿಂದದ್ದೆಷ್ಟು, ಶಾಲೆಯ ಮುಖ ನೋಡದೆ ಹೋದದ್ದೆಷ್ಟು ಎಂದು ಕೇಳಿದೆ. ಪರೀಕ್ಷೆ ಮಾಡಿದ ಹುಡುಗ ಪ್ರಾಮಾಣಿಕ. ‘ಹೇಳೋದು ಕಷ್ಟ ಸರ್’ ಎಂದ.

ಅವನ ಮೇಲೆ ನನ್ನ ದೂರಿಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದ ಹಿರಿಯರಿಗೆಂದೇ 1990ರ ದಶಕದಲ್ಲೇ ಹಿಂದಿಯಲ್ಲಿ ಪರೀಕ್ಷೆ ರೂಪಿಸಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಲವು ಭಾಷೆಗಳಲ್ಲಿ ಸಿದ್ಧಪಡಿಸಿದ ಇಂಥ ಪರೀಕ್ಷೆಯ ಸಾಮಗ್ರಿಯಲ್ಲಿ ಕನ್ನಡವೂ ಇದೆ, ನಿಜ. ಆದರೆ ಮಾತಿಗೊಮ್ಮೆ ತೆಲುಗು ಬೆರೆಸುವ, ತಿಂಗಳನ್ನು ಮಳೆ ನಕ್ಷತ್ರದಲ್ಲಿ ಎಣಿಸುವ ನಮ್ಮ ಸೀಮೆಯ ಮುದುಕಿಗೆ ಎಷ್ಟು ಅಂಕ ಬಂದರೆ ಸಹಜ ಮರೆವು, ಎಷ್ಟಕ್ಕಿಳಿದರೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ? ಇದನ್ನು ಹಳ್ಳಿಹಳ್ಳಿಗೆ ಹೋಗಿ, ವರ್ಷಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ನೋಡಿಯೇ ತಿಳಿಯಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಅಂಥದ್ದೊಂದು ಅಧ್ಯಯನ ನಡೆಸುತ್ತಿದ್ದಾರೆ. ಆ ಕೇಂದ್ರ ಹುಟ್ಟಿದ್ದು ದಾನಿಗಳ ಹಣದಿಂದ. ತುಂಗಭದ್ರೆಯ ದಡಕ್ಕೆ ಅಂಥ ದಾನಿ ಬರುವವರೆಗೆ ನಾವು ಕಾಯಬೇಕೆ?

ಕಾಯುವುದು ನಮಗೆ ಹೊಸದೇನಲ್ಲ ಬಿಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಆ ‘ಬಳ್ಳಾರಿ ಮಾದರಿ’ಯನ್ನೇ ಹಿಡಿದು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಮುಂದೆ 2015-16ರಲ್ಲಿ ಅದೇ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದಾಗ ಆ ಪಟ್ಟಿಯಲ್ಲಿ ಕರ್ನಾಟಕವೇ ಇರಲಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದ್ದಾರೆ. ಅದರಲ್ಲಿ ನೂರಕ್ಕೆ ಅರ್ಧ ರೂಪಾಯಿ ತೆಗೆದರೂ 25 ಕೋಟಿ. ಕಟ್ಟಡಕ್ಕೆ ಬೇಡ, ಉದ್ಘಾಟನೆಯ ಕಲ್ಲಿಗಂತೂ ಬೇಡವೇ ಬೇಡ. ಬಳ್ಳಾರಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೂ ರಾಜ್ಯದ್ದೇ ಆದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಕೂಡಿ ಹತ್ತು ವರ್ಷದ ಸಂಶೋಧನೆಗೆ ಕೊಡಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಅದರಲ್ಲೇ ಸಂಬಳವಿರಲಿ. ಮಂಡಳಿಯ ಮುಂದಿನ ಸಭೆಯಲ್ಲಿ ನಮ್ಮ ಜಿಲ್ಲೆಯ ಶಾಸಕರೊಬ್ಬರಾದರೂ ಈ ಮಾತು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಕುರುಗೋಡು, ಬಳ್ಳಾರಿ ಜಿಲ್ಲೆ