ಮಗಳಿಗೊಂದು ಪತ್ರ: ಪ್ಯಾರಿಸ್ ಎಲ್ಲೂ ಓಡಿಹೋಗುವುದಿಲ್ಲ

ಕೋಥ್ರೂಡ್, ಪುಣೆ

ಪ್ರೀತಿಯ ಪುಟ್ಟಿಗೆ ಅವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ಅಪ್ಪನ ಮೊಣಕಾಲು ನೋವು ಹಾಗೇ ಇದೆ, ಆದರೂ ಬೆಳಿಗ್ಗೆ ವೇತಾಳ ಟೇಕಡಿ ಹತ್ತುವುದನ್ನು ಬಿಟ್ಟಿಲ್ಲ. ಫೋನಿನಲ್ಲಿ ಏನು ಹೇಳಿದರೂ ನೀನು "ಹೂಂ ಹೂಂ" ಅಂತ ಮುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಫೋಟೋಗಳೆಲ್ಲ ಬಂದವು. ಪ್ಯಾರಿಸ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್. ಚೆನ್ನಾಗಿವೆ. ಆದರೆ ನೀನಿರುವ ಜರ್ಮನಿಯ ಸ್ಟುಟ್‌ಗಾರ್ಟ್ ಹೇಗಿದೆ ಅಂತ ಕೇಳಿದರೆ "ಬೋರು" ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಐದು ದಿನ ಆಫೀಸು. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಇಳಿಯುವುದು ಸೋಮವಾರ ಬೆಳಿಗ್ಗೆ. ಇನ್ನು ಆ ಊರು ನಿನ್ನ ಕಣ್ಣಿಗೆ ಬೀಳುವುದಾದರೂ ಯಾವಾಗ? ಹತ್ತು ದಿನಕ್ಕೆ ಬಂದವರು ಓಡಲೇಬೇಕು, ಪಾಪ. ನಿನಗೆ ಕಂಪನಿ ಒಂದು ವರ್ಷ ಕೊಟ್ಟಿದೆ. ಪ್ಯಾರಿಸ್ಸಿಗೆ ಮುಂದೆ ಯಾರ ಜೊತೆಗಾದರೂ ಹೋಗಬಹುದು. ಬೇರೆ ದೇಶದ ಒಂದು ಊರಿನಲ್ಲಿ ಬಾಡಿಗೆ ಕೊಟ್ಟುಕೊಂಡು ಬೇಸಿಗೆ, ಚಳಿ ಎರಡನ್ನೂ ಕಾಣುವುದು ಮತ್ತೆ ಆಗುತ್ತದೋ ಇಲ್ಲವೋ.

ಆ ಬೋರ್ಡಿನ ವಿಷಯ ಹೇಳಿ ಸಿಟ್ಟು ಮಾಡಿಕೊಂಡೆಯಲ್ಲ, ನನಗಂತೂ ಎಲ್ಲಕ್ಕಿಂತ ಅದೇ ಇಷ್ಟವಾಯಿತು. ಕೇರ್‌ವೋಖೆ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು ಅಂತ ಬಾಗಿಲಿಗೇ ಬೋರ್ಡು ನೇತುಹಾಕುವುದು! ಕೆಲಸ ಮುಗಿದ ಮೇಲೆ ಅದನ್ನೇ ಪಕ್ಕದ ಮನೆಯ ಬಾಗಿಲಿಗೆ ದಾಟಿಸುವುದು. ಡಾಕ್ಟರಾಗಲಿ, ಇಂಜಿನಿಯರಾಗಲಿ, ಬಕೆಟ್ಟು ಹಿಡಿಯಲೇಬೇಕು. ನಮ್ಮ ಸೊಸೈಟಿಯಲ್ಲಿ ಇದನ್ನು ತಂದರೆ ಮರುದಿನವೇ ಮೀಟಿಂಗ್ ಕರೆಯುತ್ತಾರೆ. ಆ ಕಡೆಯ ಜನ ಸಾಮಾನ್ಯವಾಗಿ ಶನಿವಾರ ಗುಡಿಸುತ್ತಾರಂತೆ. ನೀನು ಶನಿವಾರ ಪ್ರಾಗ್‌ನಲ್ಲಿ. ಕೆಳಗಿನ ಮನೆಯ ಅಜ್ಜಿ ಮುಖ ತಿರುಗಿಸದೆ ಇನ್ನೇನು ಮಾಡುತ್ತಾಳೆ? ಒಂದು ಶನಿವಾರ ಪೊರಕೆ ಹಿಡಿದು ಅವಳಿಗೆ ಕಾಣುವ ಹಾಗೆ ಗುಡಿಸು. ಮೂಲೆಯಲ್ಲಿ ಕಸ ಉಳಿದಿದೆ ಅಂತ ತೋರಿಸಲು ಬಂದೇ ಬರುತ್ತಾಳೆ. ಬರಲಿ. ನಿನ್ನ ಜರ್ಮನ್ ಹೊರಗೆ ಬರುವುದು ಅಲ್ಲೇ.

ಜರ್ಮನ್ ಅಂದೆ, ನೆನಪಾಯಿತು. ಆಫೀಸಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಅಂತ ಕಲಿಯುವುದನ್ನೇ ಬಿಟ್ಟೆಯಂತೆ. ಇಲ್ಲಿ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅಷ್ಟು ದುಡ್ಡು ಸುರಿದು ಜರ್ಮನ್‌ನ ಎರಡನೇ ಹಂತ ಎ2 ಮುಗಿಸಿದ್ದು ಯಾತಕ್ಕೆ? ಅಲ್ಲಿ ದೊಡ್ಡವರಿಗೆ ಅಂತಲೇ ಫೋಕ್ಸ್‌ಹೋಖ್‌ಶೂಲೆ ಅನ್ನುವ ಶಾಲೆ ಇರುತ್ತದೆ. ನಿಮ್ಮೂರಿನದು ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿದೆ. ಭಾಷೆಯ ಜೊತೆಗೆ ಅಡುಗೆ, ಹೊಲಿಗೆ, ಚಿತ್ರಕಲೆ ಎಲ್ಲಾ ಕಲಿಸುತ್ತಾರೆ. ನನ್ನನ್ನು ಕೇಳಿದರೆ ಹೊಲಿಗೆಗೆ ಸೇರು. ಭಾಷೆಯ ಕ್ಲಾಸಿನಲ್ಲಿ ನಿನ್ನ ಹಾಗೆ ಹೊರಗಿನಿಂದ ಬಂದವರೇ ಜಾಸ್ತಿ. ಹೊಲಿಗೆ ಕ್ಲಾಸಿಗೆ ಊರಿನವರು ಬರುತ್ತಾರೆ. ಸೂಜಿ ಕೊಡಿ, ಕತ್ತರಿ ಕೊಡಿ ಅಂತಾದರೂ ಬಾಯಿ ಬಿಡಲೇಬೇಕು.

ನನಗೆ ಮರಾಠಿ ಬಂದದ್ದೂ ಕ್ಲಾಸಿನಿಂದಲ್ಲ. ಮದುವೆಯಾಗಿ ಧಾರವಾಡದಿಂದ ಬಂದಾಗ ನಮ್ಮ ಓಡಾಟ ಎಲ್ಲಾ ಕನ್ನಡದವರ ಮನೆಗಳಿಗೇ. ನವರಾತ್ರಿಯಲ್ಲಿ ಪಕ್ಕದ ಮನೆ ಕಾಕು ಭೋಂಡ್ಲಾಕ್ಕೆ ಎಳೆದುಕೊಂಡು ಹೋದರು. ಪಾಟಿಯ ಮೇಲೆ ಆನೆಯ ಚಿತ್ರ, ಅದರ ಸುತ್ತ ಕೈ ಹಿಡಿದು ಹಾಡುವ ಹೆಂಗಸರು. ಹಾಡು ಮುಗಿದ ಮೇಲೆ ಮುಚ್ಚಿದ ಡಬ್ಬಿಯನ್ನು ಅಲ್ಲಾಡಿಸಿ ಒಳಗೆ ಯಾವ ತಿಂಡಿ ಇದೆ ಹೇಳಿ ಅನ್ನುತ್ತಾರೆ. ಎಲ್ಲರೂ ಕರಂಜಿ, ಚಕ್ಲಿ ಅಂತ ಕೂಗುತ್ತಿದ್ದರು. ನಾನು "ಗಿರ್ಮಿಟ್" ಅಂದೆ. ಯಾರಿಗೂ ಅರ್ಥವಾಗಲಿಲ್ಲ. ಮರುದಿನ ಅಷ್ಟೂ ಜನರಿಗೆ ಗಿರ್ಮಿಟ್ ಮಾಡಿ ಹಾಕಬೇಕಾಯಿತು. ಅಲ್ಲಿಂದ ಮುಂದೆ ಆ ವಠಾರದಲ್ಲಿ ನನ್ನ ಬಾಯಿ ಮುಚ್ಚಿಸುವವರೇ ಇರಲಿಲ್ಲ.

ಇನ್ನು ಅಪ್ಪನ ತಕರಾರು. ಅಜ್ಜನ ಮೇಜಿನ ಮೇಲಿದ್ದ ಕಿಟೆಲ್ ನಿಘಂಟು ನೆನಪಿದೆಯಾ? ಕುರ್ಚಿ ಎತ್ತರ ಸಾಲದು ಅಂತ ನೀನು ಅದರ ಮೇಲೆ ಕೂತು ಊಟ ಮಾಡುತ್ತಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಅದು. ಅದನ್ನು ಮಾಡಿದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ನಿನ್ನಿಂದ ರೈಲಿನಲ್ಲಿ ಸುಮಾರು ಒಂದು ತಾಸು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಕೂಡ ದೂರವಿಲ್ಲ. ಅವರು ತೀರಿಕೊಂಡ ಎಸ್‌ಲಿಂಗನ್ ಅಂತೂ ಲೋಕಲ್ ಟ್ರೇನು ಹೋಗುವ ಪಕ್ಕದ ಊರು. ಬಂದದ್ದು ಧರ್ಮಪ್ರಚಾರಕ್ಕೆ, ಅದು ಬೇರೆ ಮಾತು. ಆದರೆ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದೂ ಅದೇ ಮೋಗ್ಲಿಂಗ್. ಅಷ್ಟು ಹತ್ತಿರ ಇದ್ದುಕೊಂಡು ಆ ಕಡೆ ತಲೆ ಹಾಕಿಲ್ಲ ಅಂತ ಅಪ್ಪ ದಿನಾ ಗೊಣಗುತ್ತಾರೆ. ನಿನ್ನ ತಿಂಗಳ ಪಾಸು ಡಾಯ್ಚ್‌ಲ್ಯಾಂಡ್ ಟಿಕೆಟ್ಟಿನಲ್ಲೇ ಆಗುತ್ತದೆ, ಐಸಿಇಯಂಥ ವೇಗದ ರೈಲು ಹತ್ತದಿದ್ದರೆ ಸರಿ. ಒಮ್ಮೆ ಹೋಗಿ ಬಾ.

ಇದನ್ನೆಲ್ಲ ಈಗಲೇ ಶುರು ಮಾಡು. ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಆಗ ಹೊಸ ಪರಿಚಯ ಮಾಡಿಕೊಳ್ಳಲು ಯಾರಿಗೆ ಉತ್ಸಾಹ ಇರುತ್ತದೆ? ನಮ್ಮ ಜೊತೆ ದಿನಾ ವಿಡಿಯೋದಲ್ಲಿ ಕೂರುವುದನ್ನೂ ಕಡಿಮೆ ಮಾಡು. ಬೇಜಾರು ಮಾಡಿಕೊಳ್ಳಬೇಡ. ನಿನಗೆ ಸಂಜೆ ಏಳು ಅಂದರೆ ನಮಗೆ ರಾತ್ರಿ ಹತ್ತೂವರೆ, ಅಪ್ಪ ಕೂತಲ್ಲೇ ತೂಕಡಿಸುತ್ತಾರೆ. ವಾರಕ್ಕೆ ಎರಡು ಸಲ ಸಾಕು.

ಮನೆ ಖಾಲಿ ಮಾಡಿ ಊರಿಗೆ ಹೊರಡುವಾಗ ಆಬ್‌ಮೆಲ್ಡುಂಗ್, ಅಂದರೆ ಅಲ್ಲಿನ ಕಚೇರಿಯಲ್ಲಿ ವಿಳಾಸದ ನೋಂದಣಿ ರದ್ದು ಮಾಡಿಸುವುದನ್ನು ಮರೆಯಬೇಡ. ಆ ಕಾಗದ ಇಲ್ಲದಿದ್ದರೆ ರೇಡಿಯೋ ಶುಲ್ಕದ ಬಿಲ್ಲು ನಿನ್ನ ಹೆಸರಿಗೆ ಬರುತ್ತಲೇ ಇರುತ್ತದೆಯಂತೆ.

ನಿನ್ನ ಆಫೀಸಿನ ಹುಡುಗ ಮುಂದಿನ ತಿಂಗಳು ಆ ಕಡೆ ಬರುತ್ತಾನಲ್ಲ, ಅವನ ಕೈಯಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಳಿಸುತ್ತೇನೆ. ತುಪ್ಪ ಕೇಳಬೇಡ. ಹಾಲಿನ ಪದಾರ್ಥ ಹೊರಗಿನಿಂದ ಒಯ್ಯಲು ಅಲ್ಲಿ ಬಿಡುವುದಿಲ್ಲ, ಸುಮ್ನೆ ಆ ಹುಡುಗನಿಗೆ ಫಜೀತಿ. ಉಪ್ಪು ಹಾಕದ ಬೆಣ್ಣೆ ತಂದು ನೀನೇ ಕಾಯಿಸಿಕೋ. ಉರಿ ಸಣ್ಣಗಿರಲಿ.

ನಿನ್ನ ಅವ್ವ