ಆಕ್ಲೆಂಡಿನಲ್ಲಿ ಪೆನ್ನು ಪಿನ್ನಾಗುವ ಬಗೆ

ಮೆಲ್ಬರ್ನ್
ಭಾನುವಾರ ಸಂಜೆ

ಪ್ರೀತಿಯ ಸುಮಾ,

ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ಅಪ್ಪ, ಅಮ್ಮ, ಅಜ್ಜಿ ಆರೋಗ್ಯವಾಗಿದ್ದಾರೆ ಅಂದುಕೊಂಡಿದ್ದೇನೆ. ಬೆಂಗಳೂರಿನ ಹೊಸ ಕೆಲಸದಲ್ಲಿ ಐದು ದೇಶದ ಫೋನು ಬರುತ್ತದೆ, ಎಲ್ಲರೂ ಆಡುವುದು ಇಂಗ್ಲಿಷೇ, ಆದರೂ ಅರ್ಧ ತಲೆಗೆ ಹೋಗುವುದಿಲ್ಲ, ಹೋದ ಅರ್ಧದಲ್ಲಿ ತಮಾಷೆ ಯಾವುದು ನಿಜ ಯಾವುದು ಗೊತ್ತಾಗುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಇದನ್ನು ಡ್ರಾಯರಿನಲ್ಲಿ ಇಟ್ಟುಕೋ.

ನ್ಯೂಜಿಲೆಂಡಿನಿಂದ ಶುರು ಮಾಡು, ನಮ್ಮವರು ಹೆಚ್ಚು ಎಡವುವುದು ಅಲ್ಲೇ. ಆಕ್ಲೆಂಡಿನ ಗಿರಾಕಿ 'ಪಿನ್' ಎಂದ ಹಾಗೆ ಕೇಳಿಸಿದರೆ ಅವನು ಹೇಳುತ್ತಿರುವುದು ಪೆನ್. 'ಡಿಸ್ಕ್' ಎಂದರೆ ಡೆಸ್ಕ್, 'ಚಿಕ್' ಎಂದರೆ ಚೆಕ್, 'ಟಿನ್' ಎಂದರೆ ಹತ್ತು. ಇದು ಬಾಯಿಗೆ ಬಂದ ಹಾಗೆ ಆದದ್ದಲ್ಲ, ಲೆಕ್ಕವಿದೆ. ಬ್ಯಾಟ್, ಬೆಟ್, ಬಿಟ್ ಈ ಮೂರರ ಸ್ವರಗಳೂ ಒಂದೊಂದು ಕುರ್ಚಿ ಪಕ್ಕಕ್ಕೆ ಸರಿದು ಕೂತಿವೆ. ಬ್ಯಾಟ್ ಬಂದು ಬೆಟ್‌ನ ಕುರ್ಚಿಯ ಹತ್ತಿರ ಕೂತಿತು, ಬೆಟ್ ಎದ್ದು ಬಿಟ್‌ನ ಕುರ್ಚಿಗೆ ಹೋಯಿತು, ಬಿಟ್‌ಗೆ ಕೂರಲು ಜಾಗವಿಲ್ಲದೆ ಅದು 'ಬಟ್'ನ ಪಕ್ಕ ನಿಂತುಕೊಂಡಿತು. ಹಾಗಾಗಿ ಅವರ ಸಿಕ್ಸ್ ನಮ್ಮ ಕಿವಿಗೆ 'ಸಕ್ಸ್'. ಈ ಸರಪಳಿ ಒಮ್ಮೆ ತಲೆಯಲ್ಲಿ ಕೂತರೆ ಪದಪದವಾಗಿ ಬಾಯಿಪಾಠ ಮಾಡಬೇಕಿಲ್ಲ, ಕೇಳಿದ್ದನ್ನು ಒಂದು ಕುರ್ಚಿ ಹಿಂದಕ್ಕೆ ಸರಿಸಿದರೆ ಸಾಕು.

ಇಲ್ಲಿಯವರು ಅವರನ್ನು 'ಫಶ್ ಅಂಡ್ ಚಪ್ಸ್' ಎಂದು ಆಡಿಕೊಳ್ಳುತ್ತಾರೆ. ಅವರೇನು ಸುಮ್ಮನಿರುತ್ತಾರಾ, ಇವರದು 'ಫೀಶ್ ಅಂಡ್ ಚೀಪ್ಸ್' ಅನ್ನುತ್ತಾರೆ. ಇಬ್ಬರು ಹೇಳುವುದೂ ಸರಿ: ಅದೇ ಇಕಾರವನ್ನು ಒಬ್ಬರು ಹಿಂದಕ್ಕೆ ಎಳೆದಿದ್ದಾರೆ, ಇನ್ನೊಬ್ಬರು ಮುಂದಕ್ಕೆ ಎತ್ತಿದ್ದಾರೆ.

ಆಸ್ಟ್ರೇಲಿಯಾದವರಲ್ಲಿ ನೀನು ಗಮನಿಸಬೇಕಾದ್ದು 'ಏ'. ಅದು 'ಐ' ಕಡೆ ವಾಲುತ್ತದೆ. 'ಟುಡೇ' ಹೋಗಿ 'ಟುಡೈ', 'ಮೇಲ್' ಹೋಗಿ 'ಮೈಲ್'. ಕೆಲಸದಲ್ಲಿ ಇದು ಕಚ್ಚುವುದು ಹೆಸರಿನ ಸ್ಪೆಲಿಂಗ್ ಬರೆದುಕೊಳ್ಳುವಾಗ, ಅವರ ಎ ಅಕ್ಷರವನ್ನು ನೀನು ಐ ಎಂದು ಬರೆದುಬಿಡುತ್ತೀಯ. ಆಮೇಲೆ ಹುಡುಕಿದರೆ ಖಾತೆಯೇ ಸಿಗುವುದಿಲ್ಲ. ಸಂಕೋಚ ಬಿಟ್ಟು 'ಎ ಫಾರ್ ಆಪಲ್?' ಎಂದು ಕೇಳು. ಝಡ್ ಅಮೆರಿಕದಲ್ಲಿ ಮಾತ್ರ 'ಝೀ', ಫೋನಿನಲ್ಲಿ ಅದು ಸಿ ಎಂದೇ ಕೇಳಿಸುತ್ತದೆ, ಅವರಿಗೆ 'ಝೀಬ್ರಾ' ಅನ್ನು. ಐರ್ಲೆಂಡಿನವರು 'ಹೇಚ್' ಅಂದರೆ ಅದು ನಮ್ಮ ಎಚ್. ನಂಬರ್ ಹೇಳುವಾಗ 'ಡಬಲ್ ಫೈವ್' ಇಲ್ಲೂ ಇಂಗ್ಲೆಂಡಿನಲ್ಲೂ ನಡೆಯುತ್ತದೆ, ಅಮೆರಿಕದವರಿಗೆ 'ಫೈವ್ ಫೈವ್' ಎಂದು ಬಿಡಿಸಿ ಹೇಳು.

ಅಮೆರಿಕದ್ದು ಸಿನಿಮಾದಿಂದ ನಿನಗೆ ಪರಿಚಯವೇ, ಹೆಚ್ಚು ಬರೆಯುವುದಿಲ್ಲ. ಆದರೆ ಒಂದು ಬಲೆ ಇದೆ: ಕ್ಯಾನ್ ಮತ್ತು ಕ್ಯಾಂಟ್. ಅವರು ಕ್ಯಾಂಟ್‌ನ ಕೊನೆಯ ಟಕಾರವನ್ನು ಗಂಟಲಲ್ಲೇ ನುಂಗುತ್ತಾರೆ. ಆ ಟಕಾರಕ್ಕಾಗಿ ಕಾಯಬೇಡ, ಅದು ಬರುವುದಿಲ್ಲ. ಸ್ವರ ಕೇಳು. 'ಐ ಕ್ನ್ ಡೂ ಇಟ್' ಎಂದು ಕ್ಯಾನ್ ಮುದುಡಿಹೋಗಿದ್ದರೆ ಆಗುತ್ತದೆ ಎಂದರ್ಥ. 'ಐ ಕ್ಯಾನ್ ಡೂ ಇಟ್' ಎಂದು ಅದೇ ಪದ ತುಂಬಿಕೊಂಡು ಕೇಳಿಸಿದರೆ ಬಹಳ ಸಲ ಆಗುವುದಿಲ್ಲ ಎಂದರ್ಥ. ನಮ್ಮ ಕಿವಿಗೆ ಇದು ಪೂರಾ ತಿರುಗುಮುರುಗು. ಅನುಮಾನ ಬಂದರೆ 'ಸೋ, ದಟ್ಸ್ ಎ ನೋ?' ಎಂದು ಕೇಳಿಬಿಡು.

ಐರಿಷ್ ಜನ ನಮಗೆ ಹತ್ತಿರ. ಥ್ರೀ, ದಿಸ್ ಎನ್ನುವಾಗ ಇಂಗ್ಲೆಂಡಿನವರು ಹಲ್ಲಿನ ನಡುವೆ ಗಾಳಿ ಬಿಡುತ್ತಾರಲ್ಲ, ಐರ್ಲೆಂಡಿನಲ್ಲಿ ಬಹಳ ಜನ ನಮ್ಮ ತ, ದ ಥರ ನಾಲಿಗೆಯನ್ನು ಹಲ್ಲಿಗೆ ಒತ್ತಿ ಬಿಡುತ್ತಾರೆ.

ಅಪ್ಪನಿಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಿಲ್ಲ. ಕ್ರಿಕೆಟ್ ಕಾಮೆಂಟರಿ ಕೇಳಿ ಕೇಳಿ ಅವರ ಕಿವಿ ನಿನ್ನದಕ್ಕಿಂತ ಪಳಗಿದೆ. ಜೆಫ್ರಿ ಬಾಯ್ಕಾಟ್ 'ರಬಿಶ್' ಎನ್ನುವುದನ್ನು 'ರುಬಿಶ್' ಅನ್ನುವುದು ಅವರಿಗೆ ನೆನಪಿರುತ್ತದೆ. ಅದು ಯಾರ್ಕ್‌ಶೈರ್. ಇಂಗ್ಲೆಂಡಿನ ಉತ್ತರದ ಕಡೆ ಬಸ್ 'ಬುಸ್', ಕಪ್ 'ಕುಪ್'. ಮ್ಯಾಂಚೆಸ್ಟರ್ ಕಡೆಯ ಫೋನು ಬಂದಾಗ ಅಪ್ಪನ ಬಾಯ್ಕಾಟ್ ಅನುಕರಣೆ ನೆನಪು ಮಾಡಿಕೋ, ಆದರೆ ನಗಬೇಡ.

ಇನ್ನು ತಮಾಷೆ. ಇದು ಕಷ್ಟ, ಯಾಕೆ ಅಂತ ಹೇಳುತ್ತೇನೆ. ನಾವು ವ್ಯಂಗ್ಯ ಮಾಡುವಾಗ ದನಿ ಎಳೆಯುತ್ತೇವೆ. 'ಭಾ...ರೀ ಉಪಕಾರ ಆಯ್ತು ಮಾರಾಯ' ಎಂದರೆ ಉಪಕಾರ ಆಗಿಲ್ಲವೆಂದು ಆ ದೀರ್ಘವೇ ಹೇಳುತ್ತದೆ. ಇಂಗ್ಲೆಂಡಿನವರ ವ್ಯಂಗ್ಯದಲ್ಲಿ ಆ ದೀರ್ಘವಿಲ್ಲ. ದನಿ ಏರುವುದಿಲ್ಲ, ಮುಖದಲ್ಲಿ ಗೆರೆ ಮೂಡುವುದಿಲ್ಲ. ನಮ್ಮ ಕಿವಿ ಸುಳಿವಿಗಾಗಿ ಕಾಯುತ್ತದೆ, ಸುಳಿವು ಬರುವುದೇ ಇಲ್ಲ. ಜೊತೆಗೆ ಅವರಿಗೆ ದೊಡ್ಡದನ್ನು ಚಿಕ್ಕದಾಗಿ ಹೇಳುವ ಚಟ. 1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕು ನಾಲ್ಕೂ ಎಂಜಿನ್ ನಿಂತುಹೋದವು. ಕ್ಯಾಪ್ಟನ್ ಎರಿಕ್ ಮೂಡಿ ಮೈಕಿನಲ್ಲಿ ಪ್ರಯಾಣಿಕರಿಗೆ ಹೇಳಿದ್ದು: ನಮಗೊಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ, ಮತ್ತೆ ಶುರು ಮಾಡಲು ಹೆಣಗುತ್ತಿದ್ದೇವೆ, ನಿಮಗೆ ಹೆಚ್ಚು ಗಾಬರಿಯಾಗಿಲ್ಲವೆಂದು ನಂಬಿದ್ದೇನೆ. ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು, ಒಳಗಿದ್ದ 263 ಜನವೂ ಜಕಾರ್ತದಲ್ಲಿ ಸುಖವಾಗಿ ಇಳಿದರು. ಈಗ ನಿನ್ನ ಲಂಡನ್ ಗಿರಾಕಿ 'ಸಣ್ಣ ತೊಂದರೆ' ಅಂದಾಗ ಎಷ್ಟು ಬೇಗ ಎದ್ದು ಓಡಬೇಕೋ ನೀನೇ ಅಂದಾಜು ಮಾಡು.

ಈ ಚಟ ಅಮೆರಿಕದವರಿಗೂ ಅರ್ಥವಾಗುವುದಿಲ್ಲ. 1951ರ ಏಪ್ರಿಲ್‌ನಲ್ಲಿ ಕೊರಿಯಾದ ಇಮ್ಜಿನ್ ನದಿಯ ಬಳಿ ಚೀನಾದ ಸೇನೆ ಬ್ರಿಟನ್ನಿನ ಗ್ಲಾಸ್ಟರ್‌ಶೈರ್ ತುಕಡಿಯನ್ನು ಸುತ್ತುವರಿದಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಜನರಲ್‌ಗೆ 'ಎ ಬಿಟ್ ಸ್ಟಿಕಿ' ಎಂದರಂತೆ, ಸ್ವಲ್ಪ ಅಂಟಂಟಾಗಿದೆ ಅಂದ ಹಾಗೆ. ಪರವಾಗಿಲ್ಲ, ನಿಭಾಯಿಸುತ್ತಿದ್ದಾರೆ ಎಂದು ಆ ಜನರಲ್ ತಿಳಿದರು ಎನ್ನುತ್ತಾರೆ. ಬೆಟ್ಟದ ಮೇಲಿದ್ದವರಲ್ಲಿ ಬಹುಪಾಲು ಜನ ಸತ್ತರು ಇಲ್ಲವೇ ಸೆರೆಸಿಕ್ಕರು.

ಅದಕ್ಕೇ ನಿನ್ನ ಕೆಲಸಕ್ಕೆ ನನ್ನ ಒಂದೇ ಸೂತ್ರ: ವಿಶೇಷಣ ಬಂದ ಕಡೆ ಸಂಖ್ಯೆ ಕೇಳು. ಸಿಸ್ಟಂ 'ಎ ಬಿಟ್ ಸ್ಲೋ' ಅಂದರೆ ಎಷ್ಟು ನಿಮಿಷ, ಎಷ್ಟು ಜನರಿಗೆ, ಯಾವಾಗಿನಿಂದ? ಒಂದೇ ಪದದ ಬೆಲೆ ಊರೂರಿಗೆ ಬೇರೆ. 'ಕ್ವೈಟ್ ಗುಡ್' ಅಮೆರಿಕದವನ ಬಾಯಲ್ಲಿ ಬಹಳ ಚೆನ್ನಾಗಿದೆ, ಇಂಗ್ಲೆಂಡಿನವನ ಬಾಯಲ್ಲಿ ಸುಮಾರಾಗಿದೆ. ಇಲ್ಲಿ 'ನಾಟ್ ಬ್ಯಾಡ್' ಎಂದರೆ ಒಳ್ಳೆಯ ಮೆಚ್ಚುಗೆ. ಮೀಟಿಂಗಿನಲ್ಲಿ ಒಂದು ವಿಷಯವನ್ನು 'ಟೇಬಲ್ ಮಾಡೋಣ' ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚಿಸೋಣ ಎಂದು, ಅಮೆರಿಕದಲ್ಲಿ ಸದ್ಯ ಪಕ್ಕಕ್ಕಿಡೋಣ ಎಂದು. 'ಹಾಫ್ ಫೈವ್'ಗೆ ಫೋನ್ ಮಾಡು ಎಂದು ಬ್ರಿಟಿಷರೋ ಐರಿಷರೋ ಹೇಳಿದರೆ ಅದು ಐದೂವರೆ. ಐದರ ಅರ್ಧವೆಂದು ಎರಡೂವರೆಗೆ ಮಾಡಿಬಿಟ್ಟೀಯ.

ಆಸ್ಟ್ರೇಲಿಯಾದ ತಮಾಷೆ ಧಾರವಾಡದ ಕಡೆಯ ಗೆಳೆಯರ 'ಏನ್ಲೇ ಮಗನ' ಇದ್ದ ಹಾಗೆ. ಬೈಗುಳ ಕೇಳಿದರೆ ನೀನು ಅವರವಳಾದೆ ಎಂದು ತಿಳಿ. ಕೆಂಪು ಕೂದಲಿನವನನ್ನು ಹಳಬರು 'ಬ್ಲೂಯಿ' ಎಂದೇ ಕರೆಯುತ್ತಾರೆ. ಸಾವನ್ನೂ ಬಿಡುವುದಿಲ್ಲ. ಇಲ್ಲಿನ ಪ್ರಧಾನಿ ಹೆರಾಲ್ಡ್ ಹೋಲ್ಟ್ 1967ರ ಡಿಸೆಂಬರ್ 17ರಂದು ಸಮುದ್ರಕ್ಕೆ ಈಜಲು ಇಳಿದವರು ಮತ್ತೆ ಮೇಲೆ ಬರಲೇ ಇಲ್ಲ. ಅವರ ನೆನಪಿಗೆಂದು ಮೆಲ್ಬರ್ನಿನಲ್ಲಿ ಹೆಸರಿಟ್ಟದ್ದು ಒಂದು ಈಜುಕೊಳಕ್ಕೆ. ಜನ ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ನಿನ್ನನ್ನು ಯಾರಾದರೂ ಕಿಚಾಯಿಸಿದರೆ ಉತ್ತರದಲ್ಲಿ ನಿನ್ನನ್ನೇ ಇನ್ನೊಂದಿಷ್ಟು ಕಿಚಾಯಿಸಿಕೋ, ಅವರಿಗೆ ತಿರುಗಿ ಬೈಯುವುದು ಒಂದೆರಡು ತಿಂಗಳು ಕಳೆದ ಮೇಲೆ ಸಾಕು. ದೊಡ್ಡಸ್ತಿಕೆ ಹೇಳಿಕೊಂಡರಂತೂ ಕೆಟ್ಟೆ, ನಾನು ರ‍್ಯಾಂಕ್ ಬಂದವಳು ಅನ್ನುವುದು ಅಮೆರಿಕದಲ್ಲಿ ನಡೆದೀತು, ಇಲ್ಲಿ ಅದೇ ನಿನ್ನ ಅಡ್ಡಹೆಸರಾಗುತ್ತದೆ. ಹಾಗೆಯೇ 'ಯೇ, ನಾ' ಎಂದು ಹೌದು-ಇಲ್ಲ ಒಟ್ಟಿಗೆ ಬಂದರೆ ಕೊನೆಯದನ್ನೇ ಹಿಡಿ: ಇಲ್ಲ. ಡಬ್ಲಿನ್ನಿನವನು ಚಪ್ಪಟೆ ದನಿಯಲ್ಲಿ 'ಐ ವಿಲ್, ಯೇ' ಅಂದರೆ ಅದೂ ಇಲ್ಲವೇ, ಇನ್ನೂ ಗಟ್ಟಿಯಾದ ಇಲ್ಲ. ದಕ್ಷಿಣ ಆಫ್ರಿಕಾದವರ 'ಜಸ್ಟ್ ನೌ' ಅಂದರೆ ಈಗ ಅಲ್ಲ, ಆಮೇಲೆ ಯಾವಾಗಲೋ. ನಮ್ಮ ಪ್ಲಂಬರನ 'ಈಗ್ ಬಂದೆ ಅಕ್ಕ' ನೆನೆಸಿಕೋ.

ಅಮೆರಿಕದವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಇಂಗ್ಲೆಂಡಿನವರು ಹೇಳುವುದನ್ನು ನಂಬಬೇಡ, ಅದೊಂದು ಹಳೇ ಜಂಬ. ಅವರು ಗೊತ್ತಿಲ್ಲದವರ ಜೊತೆ ವ್ಯಂಗ್ಯ ಮಾಡಿದಾಗ 'ಜಸ್ಟ್ ಕಿಡಿಂಗ್' ಎಂದು ಬಾಗಿಲು ತೆರೆದು ತೋರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಹೊಸಬಳಿಗೆ ಅದೇ ಅನುಕೂಲ.

ಇನ್ನು ಅವರಿಗೆ ನಾವು ಹೇಗೆ ಕೇಳಿಸುತ್ತೇವೆ ಅನ್ನುವುದು. ಪದದ ಮೊದಲ ಪ, ಟ, ಕಗಳ ಹಿಂದೆ ಅವರು ಒಂದು ಉಸಿರು ಬಿಡುತ್ತಾರೆ, ನಾವು ಬಿಡುವುದಿಲ್ಲ. ಉಸಿರಿಲ್ಲದ ಪ ಅವರ ಕಿವಿಗೆ ಬ. ಪಾಟೀಲ್ ಎಂದರೆ 'ಬಾಟೀಲ್' ಎಂದು ಬರೆದುಕೊಳ್ಳುವುದು ಅದಕ್ಕೇ. ಬಾಯಿಂದ ನಾಲ್ಕು ಬೆರಳು ದೂರದಲ್ಲಿ ತೆಳು ಕಾಗದದ ಪಟ್ಟಿಯನ್ನು ತೂಗುಬಿಟ್ಟು 'ಪೇಪರ್' ಅನ್ನು. ಕಾಗದ ಅಲ್ಲಾಡಬೇಕು. 'ಸ್ಪೂನ್' ಅಂದಾಗ ಅಲ್ಲಾಡಬಾರದು, ಸಕಾರದ ಬೆನ್ನಿಗೆ ಬಂದ ಪಕಾರಕ್ಕೆ ಅವರೂ ಉಸಿರು ಬಿಡುವುದಿಲ್ಲ. ದಿನಕ್ಕೆ ಐದು ನಿಮಿಷ ಸಾಕು. 'ಎಗ್' ಅನ್ನು 'ಯೆಗ್' ಅನ್ನುವುದು ಬಿಡು. 'ಐ ಹ್ಯಾವ್ ಎ ಡೌಟ್' ಅನ್ನಬೇಡ, ನೀನು ನಂಬುತ್ತಿಲ್ಲ ಎಂದು ಅವರು ತಿಳಿಯುತ್ತಾರೆ. 'ಕ್ವಶ್ಚನ್' ಅನ್ನು. ಉಳಿದದ್ದು ನಿನ್ನ ಕನ್ನಡದ ಇಂಗ್ಲಿಷ್ ಆಗಿಯೇ ಇರಲಿ. ನಿಧಾನವಾಗಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ, ಅವರ ದನಿಯನ್ನು ಅನುಕರಿಸಲು ಹೋದರೆ ಕಿಚಾಯಿಸುತ್ತಿದ್ದೀಯ ಅಂದುಕೊಂಡಾರು.

ಅಪ್ಪನಿಗೆ ಹೇಳು, ಡಿಸೆಂಬರ್ 26ರ ಬಾಕ್ಸಿಂಗ್ ಡೇ ಕ್ರಿಕೆಟ್ ಟೆಸ್ಟ್ ಶುರುವಾಗುವುದು ಇಲ್ಲಿನ ಹತ್ತೂವರೆಗೆ, ಅಲ್ಲಿ ಬೆಳಗಿನ ಐದು ಗಂಟೆ. ಇಲ್ಲಿಯವರು ಸ್ಕೋರನ್ನು ತಿರುಗಿಸಿ ಹೇಳುತ್ತಾರೆ. 'ಟೂ ಫಾರ್ ನೈಂಟಿ' ಅಂದರೆ ಎರಡು ವಿಕೆಟ್‌ಗೆ 90. ನಿದ್ದೆಗಣ್ಣಿನಲ್ಲಿ ಗಾಬರಿಯಾಗುವುದು ಬೇಡ.

ಇಂತಿ ನಿನ್ನ
ಅಣ್ಣ